ಗೇಜ್ ತಪ್ಪೋ, ಗಾಳಿ ತಪ್ಪೋ: ಟೈರ್ ಪ್ರೆಶರ್ ಗೇಜ್‌ನ ದೋಷ ನಿವಾರಣೆ ಕೈಪಿಡಿ

ಒಂದೇ ಟೈರಿಗೆ ಒಂದು ಗೇಜ್ ಇಟ್ಟರೆ 33 ಪಿಎಸ್‌ಐ (ಚದರ ಅಂಗುಲಕ್ಕೆ ಎಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಇನ್ನೊಂದು ಇಟ್ಟರೆ 29, ಕಾರಿನ ಪರದೆಯಲ್ಲಿ 31. ಯಾವುದನ್ನು ನಂಬುವುದು? ಬಹಳ ಮಂದಿ ಆಗ ಹೊಸ ಗೇಜ್ ತರುತ್ತಾರೆ. ಅದು 30 ತೋರಿಸಿ, ಇದ್ದ ಗೊಂದಲಕ್ಕೆ ನಾಲ್ಕನೆಯ ಅಂಕಿ ಸೇರುತ್ತದೆ. ಕೊಳ್ಳುವ ಮೊದಲು ತಪ್ಪು ಎಲ್ಲಿದೆ ಎಂದು ಹುಡುಕುವುದು ಮೇಲು. ಗೇಜ್ ಮೇಲೆ ಹೊರಿಸುವ ಎಷ್ಟೋ ಆರೋಪಗಳು ಟೈರಿನ ಬಿಸಿಯಿಂದಲೋ ವಾಲ್ವ್ ಬಾಯಿಯ ಸೋರಿಕೆಯಿಂದಲೋ ಹುಟ್ಟಿದವು. ಹುಡುಕುವ ಕ್ರಮವೂ ಅದಕ್ಕೆ ತಕ್ಕಂತಿರಲಿ: ಮೊದಲು ಟೈರ್, ಆಮೇಲೆ ವಾಲ್ವಿಗೂ ಗೇಜಿಗೂ ನಡುವಿನ ಕೂಡು, ಕೊನೆಗೆ ಗೇಜ್‌ನ ಒಳಭಾಗ. ಹಿಂದುಮುಂದಾದರೆ ಚೆನ್ನಾಗಿದ್ದ ಗೇಜನ್ನು ಬಿಚ್ಚಿ ಕೆಡಿಸುವುದೇ ಆಗುತ್ತದೆ.

ಎಷ್ಟು ವ್ಯತ್ಯಾಸವಾದರೆ ದೋಷ

ಟೈರ್ ಗೇಜ್‌ಗಳ ಬಗ್ಗೆ ಒಐಎಂಎಲ್ ಎಂಬ ಅಂತರರಾಷ್ಟ್ರೀಯ ಕಾನೂನುಬದ್ಧ ಮಾಪನ ಸಂಸ್ಥೆಯ ಆರ್ 23 ಎಂಬ ಶಿಫಾರಸು ಇದೆ. ಅದರಂತೆ 4 ಬಾರ್ ಒತ್ತಡದವರೆಗೆ ಗೇಜ್ ಹೆಚ್ಚೆಂದರೆ 0.08 ಬಾರ್ ಆಚೀಚೆ ತೋರಿಸಬಹುದು. 4ರಿಂದ 10 ಬಾರ್‌ವರೆಗೆ ಈ ಮಿತಿ 0.16 ಬಾರ್. ಒಂದು ಬಾರ್ ಎಂದರೆ 14.5 ಪಿಎಸ್‌ಐ, ಹಾಗಾಗಿ 0.08 ಬಾರ್ ಅಂದರೆ ಸುಮಾರು 1.2 ಪಿಎಸ್‌ಐ.

ಇದರಿಂದ ಒಂದು ಲೆಕ್ಕ ಹೊರಡುತ್ತದೆ. ನಿಯಮದೊಳಗೇ ಇರುವ ಎರಡು ಗೇಜ್‌ಗಳಲ್ಲಿ ಒಂದು ಮೇಲಿನ ಅಂಚಿನಲ್ಲೂ ಇನ್ನೊಂದು ಕೆಳಗಿನ ಅಂಚಿನಲ್ಲೂ ಇದ್ದರೆ ಅವುಗಳ ನಡುವೆ 2.3 ಪಿಎಸ್‌ಐ ಅಂತರ ಬರಬಹುದು, ಎರಡೂ ಸರಿಯೇ. ಆದ್ದರಿಂದ ಕಾರಿನ ಟೈರಿನಲ್ಲಿ 33 ಮತ್ತು 31 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. 33 ಮತ್ತು 29 ಬಂದರೆ ಎಲ್ಲೋ ತಪ್ಪಿದೆ. ಅದು ಗೇಜ್‌ನಲ್ಲೇ ಇರಬೇಕೆಂದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಗೇಜ್ ಸರಿ ಇದೆಯೇ ಎನ್ನುವ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ನಿಜವಾದ ಒತ್ತಡಕ್ಕೆ ಎಷ್ಟು ಹತ್ತಿರ ತೋರಿಸುತ್ತದೆ ಎನ್ನುವುದು ನಿಖರತೆ. ಅದೇ ಟೈರಿಗೆ ಐದು ಸಲ ಇಟ್ಟರೆ ಐದೂ ಸಲ ಅದೇ ಅಂಕಿ ಬರುತ್ತದೆಯೇ ಎನ್ನುವುದು ಸ್ಥಿರತೆ. ಸದಾ 2 ಪಿಎಸ್‌ಐ ಹೆಚ್ಚು ತೋರಿಸುವ ಗೇಜನ್ನು, ಆ ಎರಡನ್ನು ಕಳೆದು, ವರ್ಷಗಟ್ಟಲೆ ಬಳಸಬಹುದು. ಒಮ್ಮೆ 30, ಒಮ್ಮೆ 33, ಒಮ್ಮೆ 31 ತೋರಿಸುವುದಕ್ಕೆ ಯಾವ ಲೆಕ್ಕವೂ ಹೊಂದುವುದಿಲ್ಲ. ದೋಷ ಹುಡುಕುವಾಗ ಮೊದಲು ಸ್ಥಿರತೆಯನ್ನು ನೋಡಬೇಕು, ನಿಖರತೆ ಆಮೇಲೆ.

ಮೊದಲ ಅನುಮಾನ ಟೈರಿನ ಮೇಲೆ

ಬೆಳಿಗ್ಗೆ ಮನೆಯಲ್ಲಿ ಒಂದು ಗೇಜ್, ಮಧ್ಯಾಹ್ನ ಬಂಕ್‌ನಲ್ಲಿ ಇನ್ನೊಂದು ಗೇಜ್. ಇವೆರಡರ ಅಂಕಿಗಳನ್ನು ಹೋಲಿಸಿ ಗೇಜ್ ಕೆಟ್ಟಿದೆ ಎನ್ನುವುದು ಹೋಲಿಕೆಯೇ ಅಲ್ಲ. ಟೈರ್ ಒಳಗಿನ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ಮತ್ತು ಅದು ಏರುವುದು ವಾತಾವರಣದ ಒತ್ತಡವನ್ನೂ ಸೇರಿಸಿದ ಒಟ್ಟು ಒತ್ತಡದ ಪ್ರಮಾಣದಲ್ಲಿ. ಗೇಜ್ 32 ತೋರಿಸಿದಾಗ ಒಳಗಿನ ಒಟ್ಟು ಒತ್ತಡ 32ಕ್ಕೆ 14.7 ಸೇರಿಸಿ 46.7 ಪಿಎಸ್‌ಐ. ಈ ಲೆಕ್ಕಕ್ಕೆ ಉಷ್ಣತೆಯನ್ನು ಪರಮ ಶೂನ್ಯದಿಂದ ಎಣಿಸುವ ಕೆಲ್ವಿನ್‌ನಲ್ಲಿ ಹಿಡಿಯಬೇಕು: 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್. 10 ಡಿಗ್ರಿ ಏರಿದರೆ ಒತ್ತಡ ಮೂವತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 1.5 ಪಿಎಸ್‌ಐ ಹೆಚ್ಚುತ್ತದೆ. ಟೈರಿನ ಗಾಳಿ 20 ಡಿಗ್ರಿ ಬಿಸಿಯಾದರೆ 3 ಪಿಎಸ್‌ಐ. ಹೆಚ್ಚು ಒತ್ತಡದ ಟೈರಿನಲ್ಲಿ ಈ ಏರಿಳಿತವೂ ಹೆಚ್ಚು: 110 ಪಿಎಸ್‌ಐ ಇರುವ ಲಾರಿ ಟೈರಿನಲ್ಲಿ ಅದೇ 10 ಡಿಗ್ರಿಗೆ 4 ಪಿಎಸ್‌ಐ ದಾಟುತ್ತದೆ. ನೈಟ್ರೋಜನ್ ತುಂಬಿಸಿದ್ದರೂ ಲೆಕ್ಕ ಬಹುಮಟ್ಟಿಗೆ ಇದೇ.

ಹಾಗಾಗಿ ಅಳತೆ ತಣ್ಣಗಿನ ಟೈರಿನಲ್ಲಿ. ತಣ್ಣಗೆ ಎಂದರೆ ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ನಿಂತ ಮೇಲೆ 1.6 ಕಿ.ಮೀ.ಗಿಂತ ಕಡಿಮೆ ಓಡಿರಬೇಕು. ಬಿಸಿಲೂ ಆಟವಾಡುತ್ತದೆ. ಗಾಡಿಯ ಒಂದು ಮಗ್ಗುಲು ಬಿಸಿಲಿಗೆ, ಇನ್ನೊಂದು ನೆರಳಿಗೆ ಇದ್ದರೆ ಎಡ ಬಲ ಟೈರ್‌ಗಳ ನಡುವೆ ಒಂದೆರಡು ಪಿಎಸ್‌ಐ ವ್ಯತ್ಯಾಸ ಸಹಜ. ಬಿಸಿ ಟೈರಿನಲ್ಲಿ ಅಂಕಿ ಹೆಚ್ಚು ಕಂಡಿತೆಂದು ಗಾಳಿ ಬಿಡಬೇಡಿ. ತಣ್ಣಗಾದ ಮೇಲೆ ಅದು ಬೇಕಾದ್ದಕ್ಕಿಂತ ಕೆಳಗಿಳಿದಿರುತ್ತದೆ. ಬೇಕಾದ ಅಂಕಿ ಯಾವುದೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲೋ ಗಾಡಿಯ ಕೈಪಿಡಿಯಲ್ಲೋ ಇರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಆ ಟೈರಿನ ಗರಿಷ್ಠ ಒತ್ತಡ, ತುಂಬಬೇಕಾದ ಒತ್ತಡವಲ್ಲ.

ಗಾಳಿ ತುಂಬಿದ ತಕ್ಷಣ ಅಳೆಯುವುದೂ ಮೋಸವೇ. ಕಂಪ್ರೆಸರ್‌ನಿಂದ ಬಂದ ಗಾಳಿ ಬೆಚ್ಚಗಿರುತ್ತದೆ, ಗಾಳಿ ಬಿಟ್ಟಾಗ ಒಳಗೆ ಉಳಿದದ್ದು ತುಸು ತಣ್ಣಗಾಗುತ್ತದೆ. ಗೇಜ್ ಪರೀಕ್ಷೆ ಮಾಡುವಾಗ ತುಂಬಿದ ಅಥವಾ ಬಿಟ್ಟ ಮೇಲೆ ಹತ್ತು ನಿಮಿಷ ಕಾಯಿರಿ.

ಘಾಟಿ ಹತ್ತಿ ಇಳಿಯುವವರಿಗೆ ಇನ್ನೊಂದು ವಿಷಯ. ಗೇಜ್ ತೋರಿಸುವುದು ಟೈರ್ ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಹೋದರೆ ಹೊರಗಿನ ಒತ್ತಡ ಸುಮಾರು 1.6 ಪಿಎಸ್‌ಐ ಇಳಿಯುತ್ತದೆ, ಅಷ್ಟೇ ಪ್ರಮಾಣದಲ್ಲಿ ಗೇಜ್‌ನ ಅಂಕಿ ಏರುತ್ತದೆ. ಅಲ್ಲಿ ಚಳಿಯೂ ಇದ್ದರೆ ಆ ಏರಿಕೆಯನ್ನು ಚಳಿಯೇ ತಿಂದುಬಿಡಬಹುದು.

ವಾಲ್ವ್ ಬಾಯಿಯಲ್ಲಿ ಏನಾಗುತ್ತದೆ

ಗೇಜ್ ಇಟ್ಟಾಗ 'ಸ್ಸ್' ಎಂದು ಸದ್ದು ಬರುತ್ತಲೇ ಇದ್ದರೆ ಬಂದ ಅಂಕಿಯನ್ನು ಬರೆದುಕೊಳ್ಳಲೇಬೇಡಿ. ಇಡುವಾಗ ಒಂದು ಕ್ಷಣ, ತೆಗೆಯುವಾಗ ಒಂದು ಕ್ಷಣ ಸದ್ದು ಬರುವುದು ಸರಿ. ನಡುವೆ ಪೂರ್ತಿ ನಿಶ್ಶಬ್ದವಾಗಿರಬೇಕು. ಸೋರುವಾಗ ಗಾಳಿ ವಾಲ್ವ್ ಒಳಗಿನ ಕಿರಿದಾದ ಸಂದಿಯಲ್ಲಿ ಹರಿಯುತ್ತಿರುತ್ತದೆ. ಹರಿಯುವ ಗಾಳಿ ಆ ಸಂದಿ ದಾಟುವಾಗಲೇ ಒತ್ತಡ ಕಳೆದುಕೊಳ್ಳುತ್ತದೆ. ಟೈರಿನಲ್ಲಿ 32 ಇದ್ದರೂ ಗೇಜ್‌ಗೆ ತಲುಪುವುದು 26 ಇರಬಹುದು, 20 ಕೂಡ ಇರಬಹುದು. ಇಲ್ಲಿ ತಪ್ಪು ಯಾವಾಗಲೂ ಕಡಿಮೆಯ ಕಡೆಗೇ. ಹಲವು ಸಲ ಅಳೆದಾಗ ಅಂಕಿಗಳು ಬೇರೆ ಬೇರೆ ಬಂದು, ಎಲ್ಲಕ್ಕಿಂತ ದೊಡ್ಡ ಅಂಕಿ ಮಾತ್ರ ಮತ್ತೆ ಮತ್ತೆ ಬರುತ್ತಿದ್ದರೆ, ಕೂಡು ಸೋರುತ್ತಿದೆ ಎಂದೇ ಅರ್ಥ; ಆ ದೊಡ್ಡ ಅಂಕಿಯೇ ನಿಜಕ್ಕೆ ಹತ್ತಿರ.

ಸೋರಿಕೆಗೆ ಕಾರಣ ಹುಡುಕುವುದು ಹೀಗೆ. ಗೇಜ್‌ನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲೊಂದು ರಬ್ಬರ್ ವಾಷರ್, ಅದರ ನಡುವೆ ವಾಲ್ವ್ ಪಿನ್ನನ್ನು ಒತ್ತುವ ಮೊಳೆ ಇರುತ್ತದೆ. ವಾಷರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ, ಒಂದೇ ಕಡೆ ತಗ್ಗು ಬಿದ್ದಿದ್ದರೆ ಬದಲಾಯಿಸಬೇಕು. ಎಷ್ಟೋ ಗೇಜ್‌ಗಳಲ್ಲಿ ಮುಂಭಾಗವನ್ನು ತಿರುಗಿಸಿ ಬಿಚ್ಚಿದರೆ ವಾಷರ್ ಕೈಗೆ ಬರುತ್ತದೆ, ಕೆಲವರು ಅದನ್ನು ತಿರುವಿ ಹಾಕಿ ಇನ್ನಷ್ಟು ದಿನ ದೂಡುತ್ತಾರೆ. ತಿರುವಿ ಹಾಕುವುದು ತಪ್ಪಲ್ಲ, ಆದರೆ ಗಟ್ಟಿಯಾದ ರಬ್ಬರ್ ಎರಡೂ ಕಡೆ ಗಟ್ಟಿಯೇ.

ಸದ್ದೇ ಬರುವುದಿಲ್ಲ, ಮುಳ್ಳೂ ಏಳುವುದಿಲ್ಲ ಎಂದಾದರೆ ಮೊಳೆ ವಾಲ್ವ್ ಪಿನ್ನನ್ನು ಮುಟ್ಟುತ್ತಿಲ್ಲ. ವಾಲ್ವ್ ಕೋರನ್ನು, ಅಂದರೆ ಪಿನ್ ಇರುವ ಒಳಗಿನ ಸಣ್ಣ ಕವಾಟವನ್ನು, ಅತಿ ಒಳಕ್ಕೆ ಬಿಗಿದಿದ್ದರೆ, ಪಿನ್ ಬಾಗಿದ್ದರೆ, ಗೇಜ್‌ನ ಮೊಳೆ ಸವೆದು ಗಿಡ್ಡವಾಗಿದ್ದರೆ ಹೀಗಾಗುತ್ತದೆ. ಪಿನ್‌ನ ತುದಿ ಸಾಮಾನ್ಯವಾಗಿ ವಾಲ್ವ್ ಕೊಳವೆಯ ಅಂಚಿನ ಮಟ್ಟಕ್ಕೆ ಹೆಚ್ಚೂಕಡಿಮೆ ಸಮನಾಗಿ ಕಾಣಬೇಕು. ಅದೇ ಗೇಜ್ ಬೇರೆ ಚಕ್ರಗಳಲ್ಲಿ ಸರಿಯಾಗಿ ತೋರಿಸಿ ಒಂದರಲ್ಲಿ ಮಾತ್ರ ಹಟ ಮಾಡಿದರೆ ದೋಷ ಆ ವಾಲ್ವಿನದೇ. ಕೋರ್ ಬದಲಾಯಿಸುವುದು ಎರಡು ನಿಮಿಷದ ಕೆಲಸ. ಆದರೆ ಕೋರ್ ಬಿಚ್ಚಿದರೆ ಟೈರಿನ ಗಾಳಿ ಪೂರ್ತಿ ಹೋಗುತ್ತದೆ, ತುಂಬಲು ಪಂಪ್ ಪಕ್ಕದಲ್ಲಿಟ್ಟುಕೊಂಡೇ ಕೈಹಾಕಿ.

ಕೂಡಿಸುವ ಕೋನ ಓರೆಯಾದರೂ ಸೋರುತ್ತದೆ. ದ್ವಿಚಕ್ರ ವಾಹನದ ಹಿಂದಿನ ಚಕ್ರದಲ್ಲಿ ಡಿಸ್ಕ್ ಮತ್ತು ಚೈನ್ ಚಕ್ರದ ನಡುವೆ ನೇರವಾಗಿ ಕೈ ಹೋಗುವುದೇ ಕಷ್ಟ. ಅಲ್ಲಿ ಉದ್ದ ಕಡ್ಡಿಯಂಥ ಗೇಜ್ ಓರೆಯಾಗಿಯೇ ಕೂರುತ್ತದೆ. ಬಾಗಿದ ಮೂತಿ ಅಥವಾ ಮೆತ್ತನೆಯ ಹೋಸ್ ಇರುವ ಗೇಜ್ ಅಂಥ ಕಡೆ ಬೇಕೇ ಬೇಕು, ಅದು ಶೋಕಿಯಲ್ಲ. ವಾಲ್ವಿಗೆ ಮುಚ್ಚಳ ಇಲ್ಲದಿದ್ದರೆ ಮಣ್ಣು ಕೂತು ವಾಷರ್‌ನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಇಡುವ ಮೊದಲು ಬಟ್ಟೆಯಿಂದ ಒರೆಸಿ, ಪಿನ್ನನ್ನು ಒಮ್ಮೆ ಒತ್ತಿ ಗಾಳಿ ಹಾರಿಸಿ ಧೂಳು ತೆಗೆಯಿರಿ.

ಪಂಕ್ಚರ್ ತಡೆಯುವ ದ್ರಾವಣ ಹಾಕಿದ ಟೈರ್ ಆದರೆ ಅಳೆಯುವ ಮುನ್ನ ಚಕ್ರ ತಿರುಗಿಸಿ ವಾಲ್ವನ್ನು ಮೇಲ್ಭಾಗಕ್ಕೆ ತಂದು ಕೆಲವು ನಿಮಿಷ ಬಿಡಿ. ವಾಲ್ವ್ ಕೆಳಗಿದ್ದಾಗ ಗೇಜ್ ಇಟ್ಟರೆ ದ್ರಾವಣ ಗೇಜ್ ಒಳಗೆ ನುಗ್ಗಿ ಅಲ್ಲೇ ಒಣಗುತ್ತದೆ. ಹಾಗೆ ಕಟ್ಟಿಕೊಂಡ ಗೇಜ್‌ನ ಮುಳ್ಳು ನಿಧಾನವಾಗಿ ತೆವಳುತ್ತಾ ಏರುತ್ತದೆ, ಕಡೆಗೆ ಏರುವುದನ್ನೇ ನಿಲ್ಲಿಸುತ್ತದೆ. ಡಯಲ್ ಗೇಜ್ ಹಾಗಾದರೆ ತೊಳೆದು ಸರಿಮಾಡುವ ಆಸೆ ಬಿಡುವುದೇ ಲೇಸು.

ಇಷ್ಟೆಲ್ಲ ಹೇಳಿದ್ದು ಕಾರು, ಬೈಕ್‌ಗಳಲ್ಲಿರುವ ಶ್ರೇಡರ್ ವಾಲ್ವ್ ಬಗ್ಗೆ. ಸೈಕಲ್‌ನ ತೆಳು ಪ್ರೆಸ್ಟಾ ವಾಲ್ವ್ ಆದರೆ ತುದಿಯ ಸಣ್ಣ ನಟ್ ಸಡಿಲಿಸದೆ ಏನೂ ತೋರುವುದಿಲ್ಲ. ಒಳಗೆ ರಬ್ಬರ್ ತೋಳು ಇರುವ ಹಳೆಯ ಡನ್‌ಲಪ್ ವಾಲ್ವ್‌ನಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಅಳೆಯಲು ಹೊರಗೆ ಬರುವುದಿಲ್ಲ. ಅಲ್ಲಿ ಯಾವ ಗೇಜನ್ನೂ ಬೈದು ಉಪಯೋಗವಿಲ್ಲ.

ಕಡ್ಡಿ ಗೇಜ್

ಪೆನ್ನಿನಂಥ ಗೇಜ್‌ನ ಒಳಗೆ ಒಂದು ಸ್ಪ್ರಿಂಗ್, ಒಂದು ಪಿಸ್ಟನ್, ಅಂಕಿ ಬರೆದ ಒಂದು ಕಡ್ಡಿ, ಅಷ್ಟೇ. ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಕಡ್ಡಿಯನ್ನು ಹೊರಗೆ ತಳ್ಳುತ್ತದೆ. ಪಿಸ್ಟನ್ ಹಿಂದೆ ಸರಿದರೂ ಕಡ್ಡಿ ತನ್ನ ಬಿಗಿಯಿಂದ ಅಲ್ಲೇ ನಿಲ್ಲುತ್ತದೆ. ಆ ಬಿಗಿಯಲ್ಲೇ ಅದರ ಒಳಿತೂ ಕೆಡುಕೂ ಇದೆ. ಗೇಜನ್ನು ಝಾಡಿಸಿ ಒತ್ತಿದರೆ ಕಡ್ಡಿ ರಭಸಕ್ಕೆ ನಿಜವಾದ ಅಂಕಿ ದಾಟಿ ಹೋಗಿ ಅಲ್ಲೇ ಕೂರುತ್ತದೆ, ಹೆಚ್ಚು ತೋರಿಸುತ್ತದೆ. ಒಳಗೆ ಧೂಳು ಸೇರಿ ಬಿಗಿ ಹೆಚ್ಚಿದರೆ ಕಡಿಮೆ ತೋರಿಸುತ್ತದೆ. ಬಿಗಿ ಸಡಿಲವಾದರೆ ಗೇಜ್ ತಲೆಕೆಳಗಾಗಿ ಹಿಡಿದಾಗ ಕಡ್ಡಿ ತಾನೇ ಜಾರುತ್ತದೆ. ಹಾಗೆ ಜಾರುವುದನ್ನು ಕಂಡರೆ ಎಸೆಯಬಹುದು. ಎಣ್ಣೆ ಬಿಡಬೇಡಿ. ಎಣ್ಣೆ ಮೊದಲ ದಿನ ಸಲೀಸು ಮಾಡಿ ಆಮೇಲೆ ಧೂಳನ್ನು ಹಿಡಿದಿಡುತ್ತದೆ.

ಇವುಗಳಲ್ಲಿ 2–3 ಪಿಎಸ್‌ಐ ಆಚೀಚೆ ಸಾಮಾನ್ಯ. ಗಾಡಿಯಲ್ಲಿ ತುರ್ತಿಗೆ ಇರಲಿ. ಅಳತೆಯ ಆಧಾರವಾಗಿ ಇದು ಸಾಲದು.

ಡಯಲ್ ಗೇಜ್

ಡಯಲ್ ಗೇಜ್‌ನ ಹೃದಯ ಬೋರ್ಡನ್ ಕೊಳವೆ. ಫ್ರಾನ್ಸಿನ ಯುಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ: ಚಪ್ಪಟೆ ಮಾಡಿ ಬಿಲ್ಲಿನಂತೆ ಬಗ್ಗಿಸಿದ ಲೋಹದ ಕೊಳವೆ, ಒಳಗೆ ಒತ್ತಡ ಏರಿದಾಗ ತುಸು ನೆಟ್ಟಗಾಗುತ್ತದೆ, ಆ ಪುಟ್ಟ ಚಲನೆಯನ್ನು ಹಲ್ಲಿನ ಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಬ್ಯಾಟರಿ ಬೇಡ, ವರ್ಷಗಟ್ಟಲೆ ಬಾಳುತ್ತದೆ, ಆದರೆ ಒಂದು ಸಲ ನೆಲಕ್ಕೆ ಬಿದ್ದರೆ ಎಲ್ಲವೂ ಬದಲಾಗಬಹುದು.

ಮೊದಲು ಸೊನ್ನೆ ನೋಡಿ. ಗೇಜ್ ಖಾಲಿ ಇರುವಾಗ ಮುಳ್ಳು ಸೊನ್ನೆಯ ಮೇಲೆ ನಿಂತಿದೆಯೇ? ನಿಂತಿದ್ದರೂ ಪೂರ್ತಿ ನಂಬಬೇಡಿ. ಅನೇಕ ಡಯಲ್‌ಗಳಲ್ಲಿ ಸೊನ್ನೆಯ ಬಳಿ ಒಂದು ಸಣ್ಣ ತಡೆಮೊಳೆ ಇರುತ್ತದೆ. ಸೊನ್ನೆಗಿಂತ ಕೆಳಗೆ ಹೋಗಬೇಕಾದ ಮುಳ್ಳು ಆ ಮೊಳೆಗೆ ಒರಗಿ ಸರಿಯಾಗಿದ್ದಂತೆ ನಟಿಸುತ್ತದೆ. ಒತ್ತಡ ಕೊಟ್ಟಾಗ ಅದು ಮೊದಲ ಒಂದೆರಡು ಪಿಎಸ್‌ಐಗೆ ಅಲುಗಾಡದೆ ಆಮೇಲೆ ಏಳುತ್ತದೆ. ಅಂಥ ಗೇಜ್ ಎಲ್ಲ ಕಡೆಯೂ ಕಡಿಮೆ ತೋರಿಸುತ್ತದೆ. ಮೊಳೆ ಇಲ್ಲದ, ಮುಳ್ಳು ಸ್ವತಂತ್ರವಾಗಿ ನಿಲ್ಲುವ ಡಯಲ್ ಸಿಕ್ಕರೆ ಅದೇ ಒಳ್ಳೆಯದು, ತಪ್ಪನ್ನು ಬಚ್ಚಿಡುವುದಿಲ್ಲ.

ಮುಳ್ಳು ಸೊನ್ನೆಗೆ ಮರಳದೆ 2ರ ಮೇಲೋ 3ರ ಮೇಲೋ ನಿಂತರೆ ಎರಡು ಸಾಧ್ಯತೆ. ಗಾಳಿ ಬಿಡುವ ಗುಂಡಿ ಒತ್ತಿ ನೋಡಿ. ಒಳಗೆ ಉಳಿದ ಗಾಳಿ ಹೋಗಿ ಸೊನ್ನೆಗೆ ಬಂದರೆ ಗೇಜ್ ಸರಿಯಿದೆ. ಬರದಿದ್ದರೆ ಕೊಳವೆ ತಾಳುವುದಕ್ಕಿಂತ ಹೆಚ್ಚು ಒತ್ತಡ ಕಂಡು ಶಾಶ್ವತವಾಗಿ ಹಿಗ್ಗಿದೆ. 60 ಪಿಎಸ್‌ಐ ಡಯಲನ್ನು 110 ಇರುವ ಲಾರಿ ಟೈರಿಗೆ ಇಟ್ಟರೆ ಆಗುವುದು ಇದೇ. ಹಿಗ್ಗಿದ ಕೊಳವೆಯ ಗೇಜ್‌ನಲ್ಲಿ ಮುಳ್ಳನ್ನು ಕಿತ್ತು ಸೊನ್ನೆಗೆ ಕೂರಿಸಿದರೂ ಉಳಿದ ಅಂಕಿಗಳು ಸರಿಹೋಗುವ ಭರವಸೆ ಇಲ್ಲ.

ಉಗುರಿನಿಂದ ಗಾಜನ್ನು ಮೆಲ್ಲಗೆ ತಟ್ಟುವುದು ಹಳೆಯ ಉಪಾಯ, ಕೆಲಸಕ್ಕೆ ಬರುವ ಉಪಾಯ. ಒತ್ತಡ ತುಂಬಿದ ಸ್ಥಿತಿಯಲ್ಲಿ ತಟ್ಟಿದಾಗ ಮುಳ್ಳು 1 ಪಿಎಸ್‌ಐಗಿಂತ ಹೆಚ್ಚು ಜಿಗಿದರೆ ಹಲ್ಲುಗಳಲ್ಲಿ ತಿಕ್ಕಾಟವಿದೆ, ಸ್ಥಿರತೆ ಹೋಗಿದೆ.

ಅಂಕಿಯನ್ನು ಹಿಡಿದಿಡುವ ಗೇಜ್‌ಗಳಲ್ಲಿ ಇನ್ನೊಂದು ಬಲೆ ಇದೆ. ಟೈರಿನಿಂದ ತೆಗೆದ ಮೇಲೂ ಒಳಗಿನ ಒಂದು ತಡೆಕವಾಟ ಗಾಳಿಯನ್ನು ಹಿಡಿದಿಟ್ಟು ಮುಳ್ಳನ್ನು ನಿಲ್ಲಿಸುತ್ತದೆ. ಗುಂಡಿ ಒತ್ತಿ ಖಾಲಿ ಮಾಡದೆ ಮುಂದಿನ ಟೈರಿಗೆ ಇಟ್ಟರೆ, ಆ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಹಿಂದಿನ ಅಂಕಿಯೇ ಕಾಣುತ್ತದೆ. ನಾಲ್ಕೂ ಚಕ್ರದಲ್ಲಿ ಒಂದೇ ಅಂಕಿ ಬಂದು ಖುಷಿಯಾದರೆ ಒಮ್ಮೆ ಇದನ್ನು ಅನುಮಾನಿಸಿ. ಹಿಡಿದಿಟ್ಟ ಮುಳ್ಳು ಕಣ್ಣೆದುರೇ ಜಾರುತ್ತಿದ್ದರೆ ತಡೆಕವಾಟ ಅಥವಾ ಗುಂಡಿಯ ರಬ್ಬರ್ ಸೋರುತ್ತಿದೆ; ಟೈರಿನ ಮೇಲೆ ಇದ್ದಾಗಲೇ ಓದಿದರೆ ಅಂಕಿ ಬಹುತೇಕ ಸರಿಯೇ ಇರುತ್ತದೆ.

ಗೇಜ್ ಇಟ್ಟೇ ಗುಂಡಿಯಿಂದ ಗಾಳಿ ಬಿಡುತ್ತಾ 36ರಿಂದ 32ಕ್ಕೆ ಇಳಿಸುವವರು ಕಡೆಗೆ ಗೇಜನ್ನು ತೆಗೆದು, ಖಾಲಿ ಮಾಡಿ, ಮತ್ತೆ ಇಟ್ಟು ನೋಡಬೇಕು. ಇಳಿಯುವಾಗ ಮುಳ್ಳು ತಿಕ್ಕಾಟದಿಂದ ತುಸು ಮೇಲೇ ನಿಲ್ಲುತ್ತದೆ, ಏರುವಾಗ ತುಸು ಕೆಳಗೆ.

ಗ್ಲಿಸರಿನ್ ತುಂಬಿದ ಡಯಲ್ ಕಂಪನವನ್ನು ನುಂಗಲು ಇರುವುದು. ಕಂಪ್ರೆಸರ್ ಮೇಲೆ ಅದು ಬೇಕು, ಕೈಯಲ್ಲಿ ಹಿಡಿಯುವ ಟೈರ್ ಗೇಜ್‌ಗೆ ಅಗತ್ಯವಿಲ್ಲ. ಮೇಲ್ಭಾಗದ ಗುಳ್ಳೆ ದೋಷವಲ್ಲ, ಬೇಕೆಂದೇ ಬಿಟ್ಟ ಜಾಗ. ಬಿಸಿಲಿನಲ್ಲಿಟ್ಟಾಗ ಸೊನ್ನೆ ಸರಿದರೆ ಡಬ್ಬಿಯೊಳಗೆ ಒತ್ತಡ ಕಟ್ಟಿದೆ. ಮೇಲಿನ ರಬ್ಬರ್ ಬಿರಡೆಯನ್ನು ಒಮ್ಮೆ ಸಡಿಲಿಸಿ ಮುಚ್ಚಿದರೆ ಮರಳುತ್ತದೆ.

ಡಿಜಿಟಲ್ ಗೇಜ್

ಪರದೆಯಲ್ಲಿ 31.4 ಎಂದು ಮೂಡಿದರೆ ಅದು ಹತ್ತನೆಯ ಒಂದು ಪಾಲಿನವರೆಗೆ ಸರಿ ಎಂದು ಮನಸ್ಸು ನಂಬಿಬಿಡುತ್ತದೆ. ಅಂಕಿ ಎಷ್ಟು ಸಣ್ಣದಾಗಿ ಬದಲಾಗುತ್ತದೆ ಎನ್ನುವುದಕ್ಕೂ ಎಷ್ಟು ಸರಿ ಎನ್ನುವುದಕ್ಕೂ ಸಂಬಂಧವಿಲ್ಲ. 0.1 ತೋರಿಸುವ ಗೇಜ್ 2 ಪಿಎಸ್‌ಐ ತಪ್ಪಿರಬಹುದು.

ಹೆಚ್ಚು ಕಾಡುವ ದೋಷ ಸೊನ್ನೆಯದು. ಅನೇಕ ಡಿಜಿಟಲ್ ಗೇಜ್‌ಗಳು ಆನ್ ಮಾಡಿದ ಕ್ಷಣದ ಒತ್ತಡವನ್ನು ಸೊನ್ನೆ ಎಂದು ಹಿಡಿಯುತ್ತವೆ. ವಾಲ್ವಿಗೆ ಒತ್ತಿಕೊಂಡೇ ಆನ್ ಮಾಡಿದರೆ ಲೆಕ್ಕ ಬುಡದಲ್ಲೇ ಕೆಡುತ್ತದೆ: ಸೊನ್ನೆ ತೋರಿಸಬಹುದು, ತೀರಾ ಕಡಿಮೆ ತೋರಿಸಬಹುದು, ದೋಷದ ಸಂಕೇತವನ್ನೂ ತೋರಿಸಬಹುದು. ಗಾಳಿಯಲ್ಲಿ ಹಿಡಿದು ಆನ್ ಮಾಡಿ, ಪರದೆಯಲ್ಲಿ 0 ಬಂದ ಮೇಲೆ ಇಡಿ. 0 ಬದಲು 0.5 ಅಥವಾ 1 ಬಂದರೆ ಆರಿಸಿ ಮತ್ತೆ ಆನ್ ಮಾಡಿ.

ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲಿದ್ದ ಗೇಜನ್ನು ಹಾಗೇ ತಂದು ಅಳೆದರೆ ಸೆನ್ಸರ್ ಬಿಸಿಯಿಂದ ಅಂಕಿ ಸರಿಯುತ್ತದೆ. ನೆರಳಲ್ಲಿ ಕಾಲು ಗಂಟೆ ಬಿಡಿ. ಬ್ಯಾಟರಿ ಕುಗ್ಗಿದಾಗ ಕೆಲವು ಗೇಜ್‌ಗಳು ಸಂಕೇತ ಕೊಟ್ಟು ನಿಲ್ಲುತ್ತವೆ, ಕೆಲವು ತಪ್ಪು ಅಂಕಿ ತೋರಿಸುತ್ತಲೇ ಓಡುತ್ತವೆ. ಪರದೆ ಮಂಕಾದರೆ ಅಂಕಿಯನ್ನು ನಂಬದೆ ಬ್ಯಾಟರಿ ಬದಲಿಸಿ, ಸಂಪರ್ಕದ ತಗಡನ್ನು ಒರೆಸಿ.

ಪರದೆಯಲ್ಲಿ ಅಳತೆಯ ಮಾನ ತಪ್ಪಾಗಿ ಕೂತಿರುವುದೂ ಉಂಟು. 2.2 ಬಾರ್ ಎಂದರೆ 31.9 ಪಿಎಸ್‌ಐ, 2.2 ಕೆಜಿ ಪ್ರತಿ ಚದರ ಸೆಂ.ಮೀ. ಎಂದರೆ 31.3, 220 ಕಿಲೋಪ್ಯಾಸ್ಕಲ್ ಎಂದರೆ ಮತ್ತೆ 31.9. ವ್ಯತ್ಯಾಸ ಸಣ್ಣದು, ಆದ್ದರಿಂದಲೇ ಕಣ್ಣಿಗೆ ಬೀಳುವುದಿಲ್ಲ.

ಮನೆಯಲ್ಲೇ ಪರೀಕ್ಷೆ

ಸ್ಟೆಪ್ನಿ ಟೈರ್ ಇದಕ್ಕೆ ಹೇಳಿಮಾಡಿಸಿದ್ದು: ಓಡಿಲ್ಲ, ಬಿಸಿಯಾಗಿಲ್ಲ, ಒಳಗೆ ಸಾಕಷ್ಟು ಗಾಳಿ ಇರುವುದರಿಂದ ಪ್ರತಿ ಅಳತೆಗೆ ಹೋಗುವ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ತೆಳು ಸೈಕಲ್ ಟೈರಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಅಲ್ಲಿ ಗೇಜ್ ಇಟ್ಟು ತೆಗೆದಷ್ಟಕ್ಕೇ ಒತ್ತಡ ಕಾಣುವಷ್ಟು ಇಳಿಯುತ್ತದೆ.

ಮೊದಲು ಸ್ಥಿರತೆ. ಒಂದೇ ಗೇಜನ್ನು ಐದು ಸಲ ಇಟ್ಟು ತೆಗೆದು ಬರೆದುಕೊಳ್ಳಿ, ಪ್ರತಿ ಸಲವೂ ಖಾಲಿ ಮಾಡಿ. ದೊಡ್ಡ ಅಂಕಿಗೂ ಸಣ್ಣ ಅಂಕಿಗೂ 1 ಪಿಎಸ್‌ಐ ಒಳಗಿನ ಅಂತರವಿದ್ದರೆ ಮುಂದುವರಿಯಿರಿ. ಹೆಚ್ಚಿದ್ದರೆ ವಾಷರ್ ನೋಡಿ, ಮತ್ತೆ ಮಾಡಿ. ಆಗಲೂ ಹೆಚ್ಚಿದ್ದರೆ ಆ ಗೇಜ್‌ನ ಮೇಲೆ ಇನ್ನು ಸಮಯ ಕಳೆಯಬೇಡಿ.

ಆಮೇಲೆ ಹೋಲಿಕೆ. ನಂಬಿಕೆಯ ಗೇಜ್ ಒಂದು ಬೇಕು, ಅದು ನಿಮ್ಮದಕ್ಕಿಂತ ನಾಲ್ಕು ಪಟ್ಟು ನಿಖರವಾಗಿರುವುದು ಮಾಪನ ಪ್ರಯೋಗಾಲಯಗಳ ರೂಢಿ. ಪ್ರಮಾಣಪತ್ರ ಇರುವ ಮಾಸ್ಟರ್ ಗೇಜ್ ಇಟ್ಟುಕೊಂಡ ವರ್ಕ್‌ಶಾಪ್ ಸಿಕ್ಕರೆ ಸಾಕು. ಅಳೆಯುವ ಕ್ರಮ: ಮಾಸ್ಟರ್, ನಿಮ್ಮದು, ನಿಮ್ಮದು, ಮಾಸ್ಟರ್. ಮಾಸ್ಟರ್‌ನ ಎರಡರ ಸರಾಸರಿ, ನಿಮ್ಮದರ ಎರಡರ ಸರಾಸರಿ ಹೋಲಿಸಿ. ನಡುವೆ ಸೋರಿದ ಗಾಳಿ ಎರಡು ಗೇಜಿಗೂ ಸಮನಾಗಿ ಹಂಚಿಹೋಗುತ್ತದೆ. ಇದನ್ನು ಸುಮಾರು 40, 30, 20 ಪಿಎಸ್‌ಐ ಮೂರು ಹಂತಗಳಲ್ಲಿ ಮಾಡಿ.

ಮೂರರಲ್ಲೂ ಒಂದೇ ವ್ಯತ್ಯಾಸ, ಉದಾಹರಣೆಗೆ ಎಲ್ಲ ಕಡೆ 2 ಹೆಚ್ಚು ಬಂದರೆ, ಮುಳ್ಳು ಸರಿದಿದೆ ಅಷ್ಟೇ. ಹೊಂದಿಸುವ ತಿರುಪು ಇದ್ದರೆ ಹೊಂದಿಸಿ, ಇಲ್ಲವೇ ಹಿಂಬದಿಯಲ್ಲಿ 'ಎರಡು ಕಳೆ' ಎಂದು ಚೀಟಿ ಅಂಟಿಸಿ. ಒತ್ತಡದ ಜೊತೆ ವ್ಯತ್ಯಾಸವೂ ಬೆಳೆಯುತ್ತಿದ್ದರೆ (20ಕ್ಕೆ 1, 30ಕ್ಕೆ 1.5, 40ಕ್ಕೆ 2) ಮುಳ್ಳು ಸರಿಸಿ ಉಪಯೋಗವಿಲ್ಲ, ನಿಮಗೆ ಬೇಕಾದ ಒಂದೆರಡು ಅಂಕಿಗಳ ಎದುರು ನಿಜವಾದ ಅಂಕಿ ಬರೆದಿಡಿ. ಒಂದು ಕಡೆ ಹೆಚ್ಚು, ಮತ್ತೊಂದು ಕಡೆ ಕಡಿಮೆ, ನಾಳೆ ಬೇರೆ ಎಂದಾದರೆ ಗೇಜ್‌ನ ಆಯುಸ್ಸು ಮುಗಿದಿದೆ.

ಮಾಸ್ಟರ್ ಸಿಗದೆ ಬರೀ ಎರಡು ಗೇಜ್ ಇದ್ದರೆ ಯಾವುದು ಸರಿ ಎಂದು ಹೇಳಲಾಗದು. ಮೂರಿದ್ದರೆ ಎರಡು ಒಂದೆಡೆ ಸೇರಿದ್ದನ್ನು ನಂಬಬಹುದು, ಅವೆರಡೂ ಒಂದೇ ಮಾದರಿ ಆಗಿರದಿದ್ದರೆ ಮಾತ್ರ. ಒಂದೇ ಅಚ್ಚಿನವು ಒಂದೇ ತಪ್ಪನ್ನು ಮಾಡಬಲ್ಲವು.

ಮಣ್ಣಿನ ಹಾದಿಯ ನಾಲ್ಕು ಚಕ್ರದ ಬೈಕುಗಳಿಗೆ 5–7 ಪಿಎಸ್‌ಐ ಸಾಕು. ಅಂಥ ಕಡಿಮೆ ಒತ್ತಡದ ಗೇಜನ್ನು ನೀರಿನಿಂದಲೇ ಪರೀಕ್ಷಿಸಬಹುದು, ಯಾವ ಮಾಸ್ಟರ್ ಕೂಡ ಬೇಡ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಕಟ್ಟಿ ನೀರು ಹಾಕಿ. ಕೋರ್ ತೆಗೆದ ಹಳೆಯ ವಾಲ್ವ್ ಕೊಳವೆಯನ್ನು ಒಂದು ತುದಿಗೆ ಬಿಗಿಯಾಗಿ ಸೇರಿಸಿ, ಅದಕ್ಕೆ ಗೇಜನ್ನು ಒತ್ತಿ ಹಿಡಿಯಿರಿ. ಗೇಜ್ ಕಡೆ ಗಾಳಿಯೇ ಇರಲಿ, ನೀರು ಮುಟ್ಟದಿರಲಿ. ಇನ್ನೊಂದು ತುದಿಯನ್ನು ಎತ್ತರಿಸಿ ನೀರು ಸುರಿಯುತ್ತಾ ಹೋದಂತೆ, ಎರಡು ಕಡೆಯ ನೀರಿನ ಮಟ್ಟಗಳ ಅಂತರ 70.3 ಸೆಂ.ಮೀ. ಆದಾಗ 1 ಪಿಎಸ್‌ಐ. ಮೂರೂವರೆ ಮೀಟರ್ ಎತ್ತರಕ್ಕೆ 5 ಪಿಎಸ್‌ಐ. ಕಾರಿನ 32ಕ್ಕೆ ಇದೇ ಉಪಾಯ ಬೇಕೆಂದರೆ ಏಳೆಂಟು ಮಹಡಿಯ ಕಟ್ಟಡ ಬೇಕಾದೀತು.

ಬಂಕ್‌ನ ಯಂತ್ರ, ಕಾರಿನ ಪರದೆ

ಹೋಸ್‌ನ ತುದಿಯಲ್ಲಿ ಡಯಲ್ ಇರುವ ಗಾಳಿ ಯಂತ್ರದಲ್ಲಿ ಹಿಡಿಕೆಯ ಸನ್ನೆ ಒತ್ತಿ ಗಾಳಿ ಹರಿಯುತ್ತಿರುವಾಗ ಕಾಣುವುದು ಹೋಸ್‌ನ ಒತ್ತಡ, ಟೈರಿನದಲ್ಲ. ಸನ್ನೆ ಬಿಟ್ಟು ಮುಳ್ಳು ನಿಂತ ಮೇಲೆ ಓದಬೇಕು. ದಿನವಿಡೀ ನೆಲಕ್ಕೆ ಬೀಳುವ, ಚಕ್ರದಡಿ ಸಿಗುವ ಆ ಡಯಲ್‌ಗಳನ್ನು ಗಾಳಿ ತುಂಬಲು ಬಳಸಿ, ಅಳೆಯಲು ನಿಮ್ಮದೇ ಗೇಜ್ ಬಳಸಿ.

ಕಾರಿನ ಪರದೆಯ ಅಂಕಿ ಚಕ್ರದೊಳಗಿನ ಸೆನ್ಸರ್‌ನಿಂದ ಬರುತ್ತದೆ. ಇಂಥ ಸೆನ್ಸರ್‌ಗಳು ಸಾಮಾನ್ಯವಾಗಿ ಒಟ್ಟು ಒತ್ತಡವನ್ನು ಅಳೆಯುತ್ತವೆ, ಗಾಡಿ ಅದರಿಂದ ವಾತಾವರಣದ ಒತ್ತಡ ಕಳೆಯುತ್ತದೆ. ಕೆಲವು ಗಾಡಿಗಳು ಸದಾ ಸಮುದ್ರಮಟ್ಟದ ಒತ್ತಡವನ್ನೇ ಕಳೆಯುತ್ತವೆ. ಅಂಥ ಗಾಡಿ 1500 ಮೀಟರ್ ಎತ್ತರದಲ್ಲಿದ್ದರೆ ಪರದೆ ಕೈಗೇಜ್‌ಗಿಂತ ಸುಮಾರು 2.4 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಎರಡೂ ಕೆಟ್ಟಿಲ್ಲ. ಎಚ್ಚರಿಕೆ ದೀಪವನ್ನಂತೂ ಗೇಜ್ ಎಂದು ಭಾವಿಸಲೇಬೇಡಿ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 138 ನಿಯಮದಲ್ಲಿ ದೀಪ ಹೊತ್ತಬೇಕಾದ ಮಟ್ಟ ಚೀಟಿಯ ಅಂಕಿಗಿಂತ ಶೇ. 25 ಕೆಳಗೆ; 32 ಇರಬೇಕಾದಲ್ಲಿ 24ಕ್ಕೆ ಇಳಿಯುವವರೆಗೆ ದೀಪ ಸುಮ್ಮನಿರಬಹುದು.

ಬದಲಿಗೆ ಯಾವುದನ್ನು ಕೊಳ್ಳಬೇಕು

ಹೆಚ್ಚಿನವರು ತಪ್ಪುವುದು ಡಯಲ್‌ನ ವ್ಯಾಪ್ತಿಯಲ್ಲಿ. ಎಲ್ಲಕ್ಕೂ ಆಗಲಿ ಎಂದು 160 ಪಿಎಸ್‌ಐವರೆಗಿನದನ್ನು ಕೊಳ್ಳುತ್ತಾರೆ. ಡಯಲ್ ಗೇಜ್‌ನ ತಪ್ಪನ್ನು ಹೇಳುವುದು ಪೂರ್ಣ ವ್ಯಾಪ್ತಿಯ ಶೇಕಡಾವಾರಿನಲ್ಲಿ, ಓದಿದ ಅಂಕಿಯ ಶೇಕಡಾವಾರಿನಲ್ಲಿ ಅಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಬಿ40.100 ಮಾನಕದ ಬಿ ದರ್ಜೆಯ ಗೇಜ್ ನಡುವಿನ ಅರ್ಧ ಭಾಗದಲ್ಲಿ ಶೇ. 2, ಮೊದಲ ಮತ್ತು ಕೊನೆಯ ಕಾಲು ಭಾಗಗಳಲ್ಲಿ ಶೇ. 3 ತಪ್ಪಬಹುದು. 160ರ ಡಯಲ್‌ನಲ್ಲಿ 32 ಬೀಳುವುದು ಮೊದಲ ಕಾಲು ಭಾಗದಲ್ಲಿ, ಅಂದರೆ 4.8 ಪಿಎಸ್‌ಐವರೆಗೆ ತಪ್ಪಿಗೆ ಅವಕಾಶ. ಅದೇ ದರ್ಜೆಯ 60ರ ಡಯಲ್‌ನಲ್ಲಿ 32 ನಡುವೆ ಬೀಳುತ್ತದೆ, ತಪ್ಪು 1.2 ದಾಟುವುದಿಲ್ಲ. ದರ್ಜೆ ಎ ಆದರೆ ನಡುವಿನಲ್ಲಿ ಶೇ. 1, ಅಂದರೆ 0.6. ನಿಮ್ಮ ಟೈರಿನ ಅಂಕಿ ಡಯಲ್‌ನ ನಡುವಿಗೆ ಬರುವಂತೆ ಆರಿಸಿ: ಕಾರು, ಬೈಕಿಗೆ 60, ಲಾರಿಗೆ 160, ತೀರಾ ಕಡಿಮೆ ಒತ್ತಡದ ಅಗಲ ಟೈರಿಗೆ 15. ಕಾರೂ ಲಾರಿಯೂ ಇದ್ದವರಿಗೆ ಎರಡು ಗೇಜ್ ಬೇಕು, ಬೇರೆ ದಾರಿಯಿಲ್ಲ.

ಡಬ್ಬಿಯ ಮೇಲೆ 'ಶೇ. 1 ನಿಖರ' ಎಂದಷ್ಟೇ ಇದ್ದು ಯಾವುದರ ಶೇ. 1 ಎಂದು ಇಲ್ಲದಿದ್ದರೆ, ಪೂರ್ಣ ವ್ಯಾಪ್ತಿಯದೆಂದೇ ತಿಳಿಯಿರಿ. ಡಿಜಿಟಲ್‌ಗೂ ಇದು ಅನ್ವಯ.

ಉಳಿದವು ಕೈಯಲ್ಲಿ ಹಿಡಿದು ನೋಡುವಂಥವು. ಬಾಯಿಯ ವಾಷರ್ ಬಿಚ್ಚಿ ಬದಲಿಸಲು ಬರುತ್ತದೆಯೇ, ಬಿಡಿ ವಾಷರ್ ಸಿಗುತ್ತದೆಯೇ? ಗಾಳಿ ಬಿಡುವ ಗುಂಡಿ ಇದೆಯೇ? 25–30 ಸೆಂ.ಮೀ. ಹೋಸ್ ಮತ್ತು ತಿರುಗುವ ಮೂತಿ ಇದ್ದರೆ ಡಯಲನ್ನು ಕಣ್ಣಿಗೆ ನೇರ ಹಿಡಿಯಬಹುದು, ಓರೆ ನೋಟದ ತಪ್ಪು ತಪ್ಪುತ್ತದೆ. ಆದರೆ ಹೋಸ್ ತುಂಬಾ ಉದ್ದವಾದರೆ ಅದನ್ನು ತುಂಬಲು ಟೈರಿನ ಗಾಳಿಯೇ ಹೋಗುತ್ತದೆ, ಸಣ್ಣ ಟೈರಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಡಯಲ್ ಸುತ್ತ ದಪ್ಪ ರಬ್ಬರ್ ಕವಚ ಇರಲಿ. ಒಂದೇ ಮುಖದಲ್ಲಿ ನಾಲ್ಕು ಮಾನದ ಅಂಕಿ ಒತ್ತೊತ್ತಾಗಿ ಬರೆದ ಡಯಲ್ ಸಂಜೆ ಬೆಳಕಿನಲ್ಲಿ ಓದಲು ಕಷ್ಟ. ಒಂದು ಅಥವಾ ಎರಡು ಮಾನ ಸಾಕು.

ತಂದ ದಿನವೇ ಮೇಲೆ ಹೇಳಿದ ಐದು ಸಲದ ಪರೀಕ್ಷೆ ಮಾಡಿ, ಬದಲಿಸಿ ಕೊಡುವ ಅವಧಿ ಮುಗಿಯುವ ಮುನ್ನ. ಅಂಕಿಗಳನ್ನು ತಾರೀಖಿನೊಂದಿಗೆ ಗೇಜ್‌ನ ಚೀಲದಲ್ಲೇ ಇಡಿ. ವರ್ಷಕ್ಕೊಮ್ಮೆ, ಮತ್ತು ಗೇಜ್ ಕೈತಪ್ಪಿ ಬಿದ್ದಾಗಲೆಲ್ಲ, ಮೂರು ಹಂತದ ಹೋಲಿಕೆಯನ್ನು ಮತ್ತೆ ಮಾಡಿ ಆ ಚೀಟಿಯ ಕೆಳಗೆ ಬರೆಯಿರಿ.